ಹೊಟ್ಟೆ ತುಂಬಾ ತಿನ್ನಿಸಿದರೂ ಮಗುವಿನ ತೂಕ ಏಕೆ ಏರುತ್ತಿಲ್ಲ?

ಪ್ರಶ್ನೆ: ಮಗುವಿಗೆ ಒಂದೂವರೆ ವರ್ಷ. ಮೂರು ಹೊತ್ತೂ ಅನ್ನ ಸಾರು ಕಲಸಿ, ಸಾಕು ಎಂದು ಮುಖ ತಿರುಗಿಸುವವರೆಗೂ ತಿನ್ನಿಸುತ್ತೇವೆ. ಆದರೂ ತಾಯಿ ಕಾರ್ಡಿನಲ್ಲಿ ತೂಕದ ಗುರುತು ಹಳದಿ ಪಟ್ಟಿ ಬಿಟ್ಟು ಮೇಲೇರುತ್ತಿಲ್ಲ. ಅಂಗನವಾಡಿಯವರು ಅಡುಗೆ ಕಲಿಸುತ್ತೇವೆ ಬನ್ನಿ ಎಂದು ಕರೆಯುತ್ತಾರೆ. ಇಷ್ಟು ವರ್ಷ ಮನೆಮಂದಿಗೆಲ್ಲ ಬೇಯಿಸಿ ಹಾಕಿದವಳಿಗೆ ಇವರು ಕಲಿಸುವುದಾದರೂ ಏನು? ಅದರ ಬದಲು ಒಳ್ಳೆಯ ಟಾನಿಕ್ ಕೊಡಿಸಿದರೆ ಆಗದೇ?

ಉತ್ತರ: ಬೆಂಗಳೂರಿನಲ್ಲಿ ಪೀಣ್ಯದಿಂದ ಬೊಮ್ಮನಹಳ್ಳಿಯವರೆಗೆ ಈ ಪ್ರಶ್ನೆ ನಾನಾ ಧಾಟಿಯಲ್ಲಿ ಕೇಳಿಬರುತ್ತದೆ. ಅದರಲ್ಲಿರುವ ಸಿಡುಕು ನ್ಯಾಯವಾದದ್ದೇ. ನಿಮಗೆ ಅಡುಗೆ ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ತೊಡಕಿರುವುದು ಒಲೆಯ ಮೇಲಲ್ಲ, ಬಡಿಸುವ ಸೌಟಿನಲ್ಲಿ.

ಮಗುವಿನ ಹೊಟ್ಟೆ ಹಿಡಿಯುವುದು ಅದರ ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿ ಮಾತ್ರ. 8 ಕಿಲೋ ತೂಗುವ ಮಗುವಾದರೆ ಒಂದು ಹೊತ್ತಿಗೆ 240 ಮಿಲಿ, ಅಂದರೆ ಒಂದು ದೊಡ್ಡ ಲೋಟ. ಒಂದರಿಂದ ಎರಡು ವರ್ಷದೊಳಗಿನ ಮಗುವಿಗೆ ಎದೆಹಾಲಿನ ಜೊತೆಗೆ ಊಟದಿಂದಲೇ ದಿನಕ್ಕೆ ಸುಮಾರು 550 ಕ್ಯಾಲೊರಿ ಸಿಗಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಾವು ಮಾಡುವುದೇನು? ಖಾರ ತಾಗದಿರಲಿ, ಸುಲಭವಾಗಿ ಜೀರ್ಣವಾಗಲಿ ಎಂದು ಪಾತ್ರೆಯ ಮೇಲಿನ ತಿಳಿಯನ್ನು ಬಗ್ಗಿಸಿ ಅನ್ನ ಕಲಸುತ್ತೇವೆ. ಬೇಳೆ ತಳದಲ್ಲೇ ಉಳಿದು ಕೊನೆಗೆ ದೊಡ್ಡವರ ತಟ್ಟೆ ಸೇರುತ್ತದೆ. ಬಸ್ಸಾರು ಮಾಡಿದ ದಿನ ಇನ್ನೂ ಅನ್ಯಾಯ: ಬಸಿದ ಕಟ್ಟು ಮಗುವಿಗೆ, ಕಾಳು ಸೊಪ್ಪಿನ ಪಲ್ಯ ನಮಗೆ. ಮಗುವಿನ ಹೊಟ್ಟೆ ತುಂಬುವುದು ನಿಜ, ಆದರೆ ಬಹುಪಾಲು ನೀರಿನಿಂದ. ಅದು ಮುಖ ತಿರುಗಿಸುವುದು ಜಾಗ ಮುಗಿದದ್ದಕ್ಕೆ, ಅಗತ್ಯ ಮುಗಿದದ್ದಕ್ಕಲ್ಲ.

ಹಾಗಾಗಿ ಒಳ್ಳೆಯ ಅಡುಗೆ ಪಾಠದಲ್ಲಿ ಹೊಸ ತಿನಿಸಿಗಿಂತ ಎತ್ತಿಡುವ ಹೊತ್ತು ಮುಖ್ಯ. ಬೇಳೆ, ಸೊಪ್ಪು ಬೆಂದ ಮೇಲೆ ಖಾರದ ಪುಡಿ ಬೀಳುವ ಮೊದಲೇ ಮಗುವಿನ ಪಾಲನ್ನು ಗಟ್ಟಿಯಾಗಿ ತೆಗೆದಿಡಿ. ಅನ್ನದ ಜೊತೆ ಕಿವುಚಿ, ಒಂದು ಚಿಕ್ಕ ಚಮಚ ಎಣ್ಣೆಯನ್ನೋ ತುಪ್ಪವನ್ನೋ ಬೆರೆಸಿ. ಆ ಒಂದು ಚಮಚದಿಂದ ಬಟ್ಟಲಿನ ಅಳತೆ ಹೆಚ್ಚುವುದಿಲ್ಲ, 40 ಕ್ಯಾಲೊರಿ ಹೆಚ್ಚುತ್ತದೆ. ಚಮಚ ಓರೆ ಮಾಡಿದರೂ ಊಟ ಜಾರದೆ ನಿಂತರೆ ಹದ ಸರಿ. ಸೊಪ್ಪಿಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅದರ ಕಬ್ಬಿಣಾಂಶ ಮೈಗೆ ಹೆಚ್ಚು ಹತ್ತುತ್ತದೆ. ಮೂರು ಹೊತ್ತಿನ ಊಟದ ನಡುವೆ ಬಾಳೆಹಣ್ಣು, ಮೊಟ್ಟೆ, ಮೊಸರು, ಹೀಗೆ ಎರಡು ಸಲ ಏನಾದರೂ ಇರಲಿ.

ರಾಗಿ ಸರಿಯ ವಿಚಾರ ಬಂದರೆ ನಮ್ಮ ಅಜ್ಜಿಯಂದಿರಿಗೆ ಪೂರ್ತಿ ಅಂಕ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದು ಹೆಸರಿಗೆ ಮಾತ್ರ. ಅದಕ್ಕಿಂತ ಜಾಣತನದ ಕೆಲಸವೆಂದರೆ ರಾಗಿಯನ್ನು ಮೊಳಕೆ ಬರಿಸುವುದು. ಮೊಳೆತ ಕಾಳಿನಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಗಂಜಿ ಅಂಟಂಟಾಗುವುದಿಲ್ಲ. ಹಾಗಾಗಿ ಅಷ್ಟೇ ಗಂಜಿಗೆ ಹೆಚ್ಚು ಹಿಟ್ಟು ಹಾಕಬಹುದು. ಒಣಗಿಸಿ, ಕರಕಲಾಗದಂತೆ ಲಘುವಾಗಿ ಹುರಿದು ಬೀಸಿಕೊಳ್ಳಿ. ಹುರಿಗಡಲೆ, ಕಡಲೆಕಾಯಿ ಬೀಜಗಳ ಪುಡಿಯನ್ನೂ ಸೇರಿಸಿ. ಕಡಲೆಕಾಯಿ ಬೀಜವನ್ನು ಇಡಿಯಾಗಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಹಾಗೆಂದು ಯಾದಗಿರಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡುಗಳಲ್ಲಿರುವ ತಾಯಂದಿರಿಗೂ ರಾಗಿ ಸರಿಯನ್ನೇ ಬೋಧಿಸುವುದು ನನಗೆ ಒಪ್ಪಿಗೆಯಿಲ್ಲ. ಅವರ ಕೈಗೆ ಪಳಗಿದ್ದು ಜೋಳ ಮತ್ತು ಶೇಂಗಾ. ರೊಟ್ಟಿಯನ್ನು ಮುರಿದು ಗಟ್ಟಿ ಬೇಳೆಯಲ್ಲಿ ನೆನೆಸಿ, ಖಾರವಿಲ್ಲದ ಶೇಂಗಾ ಪುಡಿ ಬೆರೆಸಿದರೆ ಅದೂ ಅಷ್ಟೇ ಒಳ್ಳೆಯ ಊಟ.

ಇಂಥ ಪಾಠದಿಂದ ನಿಜವಾಗಿ ಫಲ ಸಿಕ್ಕಿದೆಯೇ ಎಂದು ಕೇಳಿದರೆ ವಿಯೆಟ್ನಾಮಿನ ಉದಾಹರಣೆ ಇದೆ. 1990ರ ಕೊನೆಯಲ್ಲಿ ಜೆರಿ ಮತ್ತು ಮೋನಿಕ್ ಸ್ಟರ್ನಿನ್ ದಂಪತಿ ಸೇವ್ ದ ಚಿಲ್ಡ್ರನ್ ಸಂಸ್ಥೆಯ ಪರವಾಗಿ ಅಲ್ಲಿಗೆ ಹೋದರು. ಥಾನ್ ಹೋವಾ ಪ್ರಾಂತ್ಯದ ಹಳ್ಳಿಗಳಲ್ಲಿ ಅವರು ಹುಡುಕಿದ್ದು ರೋಗವನ್ನಲ್ಲ. ಅಷ್ಟೇ ಬಡತನವಿದ್ದೂ ಮಕ್ಕಳು ಗಟ್ಟಿಮುಟ್ಟಾಗಿರುವ ಮನೆಗಳು ಯಾವುವು ಎಂದು ನೋಡಿದರು. ಆ ಮನೆಯವರು ಗದ್ದೆಯಲ್ಲಿ ಸಿಗುವ ಪುಟ್ಟ ಸೀಗಡಿ, ಏಡಿ ಮತ್ತು ಗೆಣಸಿನ ಸೊಪ್ಪನ್ನು ಮಗುವಿನ ಅನ್ನಕ್ಕೆ ಸೇರಿಸುತ್ತಿದ್ದರು. ಉಳಿದವರು ಅದು ಮಕ್ಕಳಿಗೆ ಆಗುವುದಿಲ್ಲ ಎಂದು ದೂರವಿಟ್ಟಿದ್ದರು. ದಿನಕ್ಕೆ ಎರಡು ಸಲದ ಬದಲು ಹೆಚ್ಚು ಸಲ ಉಣಿಸುವುದೂ ಆ ಗಟ್ಟಿಮುಟ್ಟು ಮಕ್ಕಳ ಮನೆಗಳ ರೂಢಿಯಾಗಿತ್ತು. ಆಮೇಲೆ ತಾಯಂದಿರು ಒಟ್ಟಾಗಿ ಎರಡು ವಾರ ಅಡುಗೆ ಮಾಡಿದರು. ಬರುವಾಗ ಸೀಗಡಿಯನ್ನೋ ಸೊಪ್ಪನ್ನೋ ತಾವೇ ತರಬೇಕೆಂಬುದು ನಿಯಮ. ಯಾರೋ ತಂದುಕೊಟ್ಟ ಪದಾರ್ಥದಲ್ಲಿ ಕಲಿತ ಅಡುಗೆ, ಅದು ಮುಗಿದ ದಿನ ಮರೆತುಹೋಗುತ್ತದೆ. ಅಪೌಷ್ಟಿಕತೆ ಅಲ್ಲಿ ಗಣನೀಯವಾಗಿ ತಗ್ಗಿತು.

ನಮ್ಮ ಊರಿನ ತೊಡಕು ಬೇರೆ. ಬೆಳಿಗ್ಗೆಯೇ ಗಾರ್ಮೆಂಟ್ಸ್‌ಗೆ ಹೊರಟ ತಾಯಿ ಕತ್ತಲಾಗುವಾಗ ಮನೆ ಸೇರುತ್ತಾಳೆ. ಹಗಲಿನ ಊಟವೆಲ್ಲ ಅಜ್ಜಿಯ ಕೈಯಲ್ಲೋ ಅಕ್ಕನ ಕೈಯಲ್ಲೋ. ಅಳು ನಿಲ್ಲಿಸಲು ಬಿಸ್ಕತ್ತು ಮತ್ತು ಚಹಾ. ಚಹಾ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಹನ್ನೊಂದು ಗಂಟೆಗೆ ತಾಯಂದಿರ ಸಭೆ ಕರೆದು ಇಂಥ ತಾಯಿ ಬರಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಸಭೆ ಭಾನುವಾರ ಇರಲಿ, ಇಲ್ಲವೇ ಅಜ್ಜಿಯನ್ನೇ ಕರೆಯಲಿ. ಅಪ್ಪನನ್ನು ಕರೆದರೂ ಆಕಾಶ ಕಳಚಿ ಬೀಳುವುದಿಲ್ಲ.

ಇನ್ನು ಟಾನಿಕ್. ಹಸಿವು ಹೆಚ್ಚಿಸುವ ಬಾಟಲಿಗೂ ಡಬ್ಬದ ಪುಡಿಗೂ ಸುರಿಯುವ ಹಣದಲ್ಲಿ ಮೊಟ್ಟೆ, ಬೇಳೆ ತನ್ನಿ. ಆದರೆ ಆರೋಗ್ಯ ಇಲಾಖೆ ಕೊಡುವ ಕಬ್ಬಿಣಾಂಶದ ಸಿರಪ್ ಆ ಸಾಲಿಗೆ ಸೇರಿದ್ದಲ್ಲ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿಲಿಯಂತೆ ಅದನ್ನು ತಪ್ಪದೆ ಹಾಕಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಈ ವಯಸ್ಸಿನ ಮಕ್ಕಳಲ್ಲಿ ಶೇ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು.

ಒಂದು ಎಚ್ಚರಿಕೆ. ಎಲ್ಲ ಮಕ್ಕಳ ತೂಕವೂ ಅಡುಗೆಯಿಂದಲೇ ಏರುವುದಿಲ್ಲ. ಪದೇ ಪದೇ ಭೇದಿ, ಬಿಡದ ಕೆಮ್ಮು, ಜ್ವರ ಇದ್ದರೆ ಮೊದಲು ವೈದ್ಯರಿಗೆ ತೋರಿಸಿ. ಅಂಗನವಾಡಿಯಲ್ಲಿ ತೋಳಿಗೆ ಸುತ್ತುವ ಪಟ್ಟಿ 11.5 ಸೆಂಟಿಮೀಟರಿಗಿಂತ ಕಡಿಮೆ ತೋರಿಸಿದರೆ, ಅಥವಾ ಎರಡೂ ಪಾದ ಊದಿಕೊಂಡಿದ್ದರೆ, ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರಬೇಡಿ. ಅಂಥ ಮಕ್ಕಳನ್ನು ತಾಯಿಯ ಜೊತೆಗೇ ದಾಖಲಿಸಿಕೊಂಡು ಆರೈಕೆ ಮಾಡುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳು ಸರ್ಕಾರಿ ಆಸ್ಪತ್ರೆಗಳಲ್ಲಿವೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಉಳಿದವರು ಗಟ್ಟಿ ಊಟ ಶುರುಮಾಡಿ ತಿಂಗಳಿಗೊಮ್ಮೆ ತೂಕ ಹಾಕಿಸಿ. ಎರಡು ತಿಂಗಳಾದರೂ ಗೆರೆ ಮೇಲೇರದಿದ್ದರೆ ಆ ಕಾರ್ಡ್ ಹಿಡಿದುಕೊಂಡೇ ಮಕ್ಕಳ ವೈದ್ಯರ ಬಳಿಗೆ ಹೋಗಿ.