ಆಣೆಗೂ ‘ಸ್ವೇರ್’, ಬೈಗುಳಕ್ಕೂ ‘ಸ್ವೇರ್’. ಇದೇನಿದು?

ಓದುಗರ ಪ್ರಶ್ನೆ: ‘ಐ ಸ್ವೇರ್’ ಅಂದರೆ ಆಣೆ. ‘ಹಿ ಸ್ವೋರ್ ಅಟ್ ಮಿ’ ಅಂದರೆ ನನ್ನನ್ನು ಬೈದ. ಒಂದೇ ಪದ ಎರಡಕ್ಕೂ ಹೇಗೆ ಆಗುತ್ತದೆ?

ಮೊದಲಿದ್ದದ್ದು ಆಣೆ ಒಂದೇ. ಬೈಗುಳದ ಅರ್ಥ ಆಮೇಲೆ ಬಂತು, ಅದೂ ದೇವರ ಹೆಸರು ಹಿಡಿದುಕೊಂಡೇ ಬಂತು. ದೇವರ ಹೆಸರನ್ನು ಸುಮ್ಮಸುಮ್ಮನೆ ಎತ್ತಬಾರದು ಅನ್ನುವುದು ಬೈಬಲಿನ ಹತ್ತು ಆಜ್ಞೆಗಳಲ್ಲೊಂದು. ಇಂಗ್ಲೆಂಡಿನ ಜನ ಕೇಳಬೇಕಲ್ಲ! ಸಿಟ್ಟು ಬಂದರೆ ಸಾಕು, ‘ದೇವರ ಗಾಯದಾಣೆ’, ‘ದೇವರ ರಕ್ತದಾಣೆ’ ಅಂತ ಶಿಲುಬೆಯ ಮೇಲಿನ ಏಸುವನ್ನೇ ಎಳೆದು ತರುತ್ತಿದ್ದರು. ಹೀಗೆ ಬಾಯಿಗೆ ಬಂದಂತೆ ಆಣೆ ಇಡುವುದೂ ಕೆಟ್ಟ ಮಾತಾಡುವುದೂ ಒಂದೇ ಆಗಿಹೋಯಿತು.

ಸರ್ಕಾರವೂ ಸುಮ್ಮನಿರಲಿಲ್ಲ. ನಾಟಕದಲ್ಲಿ ದೇವರ ಹೆಸರನ್ನು ತಮಾಷೆಗೆ ಬಳಸಿದರೆ 10 ಪೌಂಡ್ ದಂಡ ಅಂತ 1606ರಲ್ಲಿ ಕಾನೂನು ಬಂತು. 1745ರ ಕಾನೂನು ಇನ್ನೂ ಮಜವಾಗಿದೆ. ಬಾಯಿ ಹೊಲಸು ಮಾಡಿಕೊಂಡವನು ಕೂಲಿಯವನೋ ಸಿಪಾಯಿಯೋ ನಾವಿಕನೋ ಆದರೆ 1 ಶಿಲಿಂಗ್, ಜೆಂಟಲ್‌ಮನ್ ಆದರೆ 5 ಶಿಲಿಂಗ್. ಅದು ರದ್ದಾಗಿದ್ದು 1967ರಲ್ಲಿ!

ಜನ ಅದಕ್ಕೂ ಉಪಾಯ ಕಂಡುಕೊಂಡಿದ್ದರು. ‘ಗಾಡ್’ ಬದಲು ‘ಗಾಶ್’, ‘ಡ್ಯಾಮ್’ ಬದಲು ‘ಡಾರ್ನ್’, ‘ಹೆಲ್’ ಬದಲು ‘ಹೆಕ್’. ಈಗ ಕಾರ್ಟೂನ್ ನೋಡುವ ಮಕ್ಕಳೂ ‘ಓ ಮೈ ಗಾಶ್’ ಅಂತಾರೆ, ಅಲ್ವಾ? ನಮ್ಮ ‘ದೇವರಾಣೆಗೂ’ ಮಾತ್ರ ಎಷ್ಟೇ ಸವೆದರೂ ಬೈಗುಳ ಆಗಲಿಲ್ಲ.

ಇನ್ನು ಬಳಕೆಗೆ ಬರೋಣ. ‘ಸ್ವೇರ್’ ಬೆನ್ನಿಗೆ ಬರುವ ಪುಟ್ಟ ಪದದ ಮೇಲೆ ಕಣ್ಣಿಡಿ. ‘ಅಟ್’ ಬಂದರೆ ಬೈಗುಳ. ‘ಇನ್’ ಬಂದರೆ ಮಂತ್ರಿಗಳ ಪ್ರಮಾಣವಚನ. ಅಲ್ಲಿ ಮಂತ್ರಿ ‘ವಾಸ್ ಸ್ವೋರ್ನ್ ಇನ್’ ಆಗುತ್ತಾರೆ, ಯಾಕೆಂದರೆ ಪ್ರಮಾಣ ಬೋಧಿಸುವವರು ರಾಜ್ಯಪಾಲರು. ‘ಆಫ್’ ಬಂದರೆ ಚಟ ಬಿಟ್ಟೆ ಅಂತ: ‘ಹಿ ಸ್ವೋರ್ ಆಫ್ ಸಿಗರೇಟ್ಸ್’.

ಜಾಸ್ತಿ ಎಡವುವುದು ‘ಬೈ’ ಹತ್ತಿರ. ‘ಮೈ ಗ್ರ್ಯಾಂಡ್‌ಮದರ್ ಸ್ವೇರ್ಸ್ ಬೈ ಕಷಾಯ’ ಅಂದರೆ ಅಜ್ಜಿ ಕಷಾಯ ಮುಟ್ಟಿ ಆಣೆ ಮಾಡುತ್ತಿಲ್ಲ, ಬೈಯುತ್ತಲೂ ಇಲ್ಲ. ಕೆಮ್ಮು ಬರಲಿ, ಜ್ವರ ಬರಲಿ, ಅವರಿಗೆ ಕಷಾಯದ ಮೇಲೆ ಅಷ್ಟು ನಂಬಿಕೆ. ‘ಟು’ ಕೂಡ ಹೀಗೇ ಯಾಮಾರಿಸುತ್ತದೆ. ‘ಬಾಗಿಲು ಹಾಕಿದ್ದೆಯಾ?’ ಅಂತ ಕೇಳಿದಾಗ ‘ಐ ಥಿಂಕ್ ಸೋ, ಬಟ್ ಐ ಕುಡಂಟ್ ಸ್ವೇರ್ ಟು ಇಟ್’ ಅಂತ ಉತ್ತರ ಬಂದರೆ, ಹಾಕಿದ ನೆನಪಿದೆ, ಆದರೆ ಖಾತ್ರಿ ಇಲ್ಲ ಅಂತ. ಎದ್ದು ಹೋಗಿ ನೋಡಿಬಿಡುವುದೇ ವಾಸಿ.