ಬಾಮ್ ಜೀಸಸ್ ಬೆಸಿಲಿಕಾ: ಗಾರೆ ಕಳೆದುಕೊಂಡ ಗೋಡೆಗಳು

ಹಳೆ ಗೋವಾದ ಬಾಮ್ ಜೀಸಸ್ ಬೆಸಿಲಿಕಾವನ್ನು ನೋಡಲು ಬರುವವರಲ್ಲಿ ಹೆಚ್ಚಿನವರು ಅದರ ಕೆಂಪು ಗೋಡೆಗಳನ್ನೇ ಪ್ರಾಚೀನತೆಯ ಗುರುತೆಂದು ತಿಳಿಯುತ್ತಾರೆ. ಚರ್ಚು ನಾಲ್ಕು ಶತಮಾನಗಳಷ್ಟು ಹಳೆಯದು ನಿಜ. ಆದರೆ ಈ ಕೆಂಪು ರೂಪಕ್ಕೆ ಇನ್ನೂ ನೂರು ವರ್ಷವೂ ಆಗಿಲ್ಲ. 1950ರ ದಶಕದಲ್ಲಿ ಹೊರಗೋಡೆಗಳ ಸುಣ್ಣದ ಗಾರೆಯನ್ನು ಕೆತ್ತಿ ತೆಗೆಯುವವರೆಗೆ ಅದರ ಕಲ್ಲು ಕಣ್ಣಿಗೆ ಬೀಳುವಂತೆ ಇರಲಿಲ್ಲ. ಹಳೆಯ ಕಟ್ಟಡಗಳ ಸಂರಕ್ಷಣೆಯಲ್ಲಿ ತೊಡಗಿರುವ ವಾಸ್ತುಶಿಲ್ಪಿಯಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಗಾರೆ ಮತ್ತೆ ಗೋಡೆ ಸೇರಬೇಕು.

ಯೇಸುಸಭೆಯವರು (ಜೆಸ್ಯೂಟ್ ಪಾದ್ರಿಗಳು) 1594ರಲ್ಲಿ ಆರಂಭಿಸಿದ ಈ ಚರ್ಚನ್ನು 1605ರ ಮೇ 15ರಂದು ಆರ್ಚ್‌ಬಿಷಪ್ ಅಲೆಯ್ಶೊ ದ ಮೆನೆಜಿಸ್ ಪ್ರತಿಷ್ಠಾಪಿಸಿದರು. ಕಟ್ಟಡದ ಖರ್ಚಿಗೆ ಒದಗಿದ್ದು ಕೊಚ್ಚಿಯ ಕಪ್ತಾನನಾಗಿದ್ದ ಜೆರೊನಿಮೊ ಮಸ್ಕರೇನ್ಹಸ್ ಬಿಟ್ಟುಹೋದ ಸಂಪತ್ತು. ಅವನ ಸ್ಮಾರಕ ಇಂದಿಗೂ ಒಳಗೋಡೆಯಲ್ಲಿದೆ. ಗೋವಾದ ಚರ್ಚುಗಳೆಂದರೆ ಮುಂಭಾಗದ ಎರಡು ಗೋಪುರಗಳು ನೆನಪಾಗುತ್ತವೆ, ಆದರೆ ಇಲ್ಲಿನ ಗಂಟೆಗೋಪುರ ಹಿಂಬದಿಯಲ್ಲಿದೆ. ಹಾಗಾಗಿ ಮುಖಭಾಗದ ಗಾಂಭೀರ್ಯವೆಲ್ಲ ಅಂತಸ್ತುಗಳ ಜೋಡಣೆಯಿಂದಲೇ ಬರಬೇಕಾಯಿತು: ಕೆಳಗೆ ಮೂರು ಬಾಗಿಲು, ಅವುಗಳ ಮೇಲೆ ಮೂರು ದೊಡ್ಡ ಕಿಟಕಿ, ಇನ್ನೂ ಮೇಲೆ ಮೂರು ವೃತ್ತಾಕಾರದ ಕಿಂಡಿ, ತುದಿಯಲ್ಲಿ ಯೇಸುಸಭೆಯ ಲಾಂಛನವಾದ ಐ.ಎಚ್.ಎಸ್. ಅಕ್ಷರಗಳ ಕೆತ್ತನೆ. ಕಂಬಗಳಿಗೂ ಕೆತ್ತನೆಗೂ ವಸಯಿಯಿಂದ ಕರಿಗಲ್ಲು ತರಿಸಿದರೆ, ಗೋಡೆಗಳ ರಾಶಿಗೆ ಸ್ಥಳೀಯ ಮುರಕಲ್ಲನ್ನೇ (ರಂಧ್ರಗಳಿರುವ ಕೆಂಪು ಲ್ಯಾಟರೈಟ್ ಕಲ್ಲು) ಬಳಸಿದರು. ದುಬಾರಿ ಕಲ್ಲು ಕಾಣುವುದಕ್ಕೆ, ಅಗ್ಗದ ಕಲ್ಲು ಹೊರುವುದಕ್ಕೆ ಎಂಬ ಈ ವಿಭಜನೆಯನ್ನು ಕಂಡವರಿಗೆ ಮುರಕಲ್ಲು ಗಾರೆಯ ಕೆಳಗಿರಬೇಕಾದ ವಸ್ತುವೆಂಬುದು ತಾನಾಗಿಯೇ ಹೊಳೆಯುತ್ತದೆ.

ಮುರಕಲ್ಲಿನ ಸ್ವಭಾವ ಕರಾವಳಿಯವರಿಗೆ ಹೊಸತಲ್ಲ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕನನ್, ನೆಲದಲ್ಲಿರುವಾಗ ಕಬ್ಬಿಣದ ಸಲಕರಣೆಯಿಂದ ಸುಲಭವಾಗಿ ಕಡಿಯಬಹುದಾದ ಈ ಕಲ್ಲು ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುವುದನ್ನು ದಾಖಲಿಸಿದ್ದಾನೆ. ಆದರೆ ಗಟ್ಟಿಯಾಗುವುದು ಕಬ್ಬಿಣಾಂಶದ ಜಾಲರಿ ಮಾತ್ರ. ಅದರ ರಂಧ್ರಗಳಲ್ಲಿ ತುಂಬಿರುವ ಜೇಡಿ ಮೆತ್ತಗೇ ಉಳಿಯುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವಲ್ಲಿ ಮೊದಲು ಆ ಜೇಡಿ ತೊಳೆದುಹೋಗುತ್ತದೆ, ಬರಿದಾದ ತೂತುಗಳಲ್ಲಿ ನೀರು ನಿಲ್ಲುತ್ತದೆ, ಪಾಚಿ ಮತ್ತು ಸಣ್ಣ ಗಿಡಗಳು ಬೇರೂರುತ್ತವೆ, ಕಡೆಗೆ ಕಲ್ಲುಗಳ ನಡುವಿನ ಸುಣ್ಣವೂ ಸಡಿಲವಾಗುತ್ತದೆ. ಸಮೀಪದ ಸಂತ ಅಗಸ್ಟೀನರ ಚರ್ಚಿನ ಗತಿ ಇದಕ್ಕೆ ಸಾಕ್ಷಿ: 1835ರ ಬಳಿಕ ಪಾಳುಬಿದ್ದ ಆ ಕಟ್ಟಡದ ಕಮಾನು ಚಾವಣಿ 1842ರಲ್ಲಿ ಕುಸಿಯಿತು, ಮುಖಭಾಗವೂ ಗೋಪುರದ ಅರ್ಧವೂ 1931ರಲ್ಲಿ ಉರುಳಿದವು.

ಬಾಮ್ ಜೀಸಸ್‌ನ ಗಾರೆ ತೆಗೆಸಿದವರು ಪೋರ್ಚುಗೀಸ್ ವಾಸ್ತುಶಿಲ್ಪಿ ಬಾಲ್ತಜಾರ್ ಕಾಸ್ತ್ರೊ. ನಂತರದ ಕಾಲದ ಲೇಪನಗಳನ್ನು ಸುಲಿದು ಕಲ್ಲನ್ನು ತೋರಿಸಿದರೆ ಕಟ್ಟಡ ತನ್ನ ಮೂಲರೂಪಕ್ಕೆ ಮರಳುತ್ತದೆ ಎಂಬ ನಂಬಿಕೆ ಅಂದು ಪೋರ್ಚುಗಲ್‌ನ ಸರ್ಕಾರಿ ಜೀರ್ಣೋದ್ಧಾರ ಕಾರ್ಯದಲ್ಲಿ ಪ್ರಬಲವಾಗಿತ್ತು. ಉತ್ತರ ಪೋರ್ಚುಗಲ್‌ನ ಗ್ರಾನೈಟ್ ಚರ್ಚುಗಳಿಗೆ ಅದು ಹೇಗೋ ಸಲ್ಲುತ್ತಿತ್ತು. ಅದೇ ನಂಬಿಕೆಯನ್ನು ಮುರಕಲ್ಲಿಗೆ ಅನ್ವಯಿಸಿದ್ದು ಕೊಡೆ ಕಿತ್ತುಕೊಂಡು ಮಳೆಗೆ ನಿಲ್ಲಿಸಿದಂತಾಯಿತು.

ಗೋಡೆ ತೇವ ಹೀರಿದರೆ ಆತಂಕ ಒಳಗಿನ ಸಂಪತ್ತಿನದು. ಮುಖ್ಯ ಬಲಿಪೀಠದ ಚಿನ್ನದ ಲೇಪವಿರುವ ಮರದ ಕೆತ್ತನೆಯಲ್ಲಿ ಬಾಲಯೇಸುವಿನ ಪುಟ್ಟ ಮೂರ್ತಿಯ ಮೇಲೆ ಲೊಯೋಲಾದ ಸಂತ ಇಗ್ನೇಷಿಯಸರ ಬೃಹತ್ ಪ್ರತಿಮೆಯಿದೆ. ದಕ್ಷಿಣದ ಉಪಪ್ರಾರ್ಥನಾಲಯದಲ್ಲಿ, 1552ರಲ್ಲಿ ಚೀನಾ ತೀರದ ದ್ವೀಪವೊಂದರಲ್ಲಿ ನಿಧನರಾದ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಶರೀರವಿರುವ ಬೆಳ್ಳಿಯ ಪೆಟ್ಟಿಗೆಯಿದೆ. ಅದು 1630ರ ದಶಕದ ಗೋವಾ ಅಕ್ಕಸಾಲಿಗರ ಕೈಕೆಲಸ. ಕೆಳಗಿನ ಅಮೃತಶಿಲೆಯ ಪೀಠವನ್ನು ಟಸ್ಕನಿಯ ದೊರೆ ಮೂರನೆಯ ಕೊಸಿಮೊ ದ ಮೆಡಿಚಿ ಕಳುಹಿಸಿಕೊಟ್ಟ. ಶಿಲ್ಪಿ ಫೊಗ್ಗಿನಿಯ ಆ ಕೃತಿ ಇಲ್ಲಿ ನೆಲೆಗೊಂಡದ್ದು 1698ರಲ್ಲಿ. ಮರ, ಬೆಳ್ಳಿ, ಕಂಚು, ಅಮೃತಶಿಲೆ ಇವು ಒಂದೇ ಕೋಣೆಯ ಗಾಳಿಯನ್ನು ಹಂಚಿಕೊಂಡಿರುವಾಗ, ತೇವಾಂಶದ ಏರಿಳಿತಕ್ಕೆ ಮರವೇ ಮೊದಲು ಬಲಿಯಾಗುತ್ತದೆ.

ಕೆಂಪು ಬಣ್ಣಕ್ಕೆ ಜನರ ಕಣ್ಣು ಒಗ್ಗಿಹೋಗಿದೆ, 1986ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದೂ ಈ ರೂಪವೇ ಎಂಬ ವಾದ ಹಗುರವಾದುದಲ್ಲ. ಆದರೂ ಕಲ್ಲು ಸವೆಯುತ್ತಿರುವಾಗ ಏಳು ದಶಕಗಳ ನೋಟಕ್ಕಿಂತ ಮೂರೂವರೆ ಶತಮಾನಗಳ ಹೊದಿಕೆಗೇ ನಾನು ಬೆಲೆ ಕೊಡುತ್ತೇನೆ. ಸಿಮೆಂಟು ಮಾತ್ರ ಕೂಡದು: ಒಳಹೊಕ್ಕ ತೇವವನ್ನು ಸುಣ್ಣ ಹೊರಬಿಡುತ್ತದೆ, ಸಿಮೆಂಟು ಹಿಡಿದಿಟ್ಟು ಕಲ್ಲಿನ ಮೈಯನ್ನೇ ಪುಡಿ ಮಾಡುತ್ತದೆ. ಕೆಲಸದ ಕ್ರಮದಲ್ಲಿ ಗಾರೆ ಬರುವುದು ಕೊನೆಗೆ. ಮೊದಲು ಮಾಡಿನ ಸೋರಿಕೆ ನಿಲ್ಲಬೇಕು, ಮಳೆನೀರು ಹರಿಸುವ ದಂಬೆಗಳೂ ಬುಡದ ಚರಂಡಿಗಳೂ ಸರಿಯಾಗಬೇಕು. ಬಳಿಕ ಬೇರುಗಳನ್ನು ಕಿತ್ತು, ಸಂದುಗಳನ್ನು ಸುಣ್ಣದಿಂದ ತುಂಬಿ, ಗೋಡೆಯಲ್ಲಿ ಕೂತ ಉಪ್ಪನ್ನು ಹೊರತೆಗೆಯಬೇಕು. ಆಮೇಲೆ ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಬೇರೆ ಬೇರೆ ಹದದ ಗಾರೆಯ ತುಣುಕುಗಳನ್ನು ಹಚ್ಚಿ, ಕನಿಷ್ಠ ಎರಡು ಮಳೆಗಾಲ ಕಳೆಯುವವರೆಗೆ ಉಳಿದ ಗೋಡೆಯನ್ನು ಮುಟ್ಟಬಾರದು.