ನಿಮ್ಮ ಸೆಟ್‌ಟಾಪ್ ಬಾಕ್ಸಿಗೆ ಕಣ್ಣಿಲ್ಲ, ಮಾರಾಯರೇ

ಪ್ರಶ್ನೆ: ಹೊಸ ದೆವ್ವದ ಧಾರಾವಾಹಿಯ ಮೊದಲ ಕಂತನ್ನು ನಮ್ಮ ಓಣಿಯವರೆಲ್ಲ ಬಾಗಿಲು ಹಾಕಿಕೊಂಡು ನೋಡಿದೆವು. ಆದರೂ ಟಿಆರ್‌ಪಿ ಪಟ್ಟಿಯಲ್ಲಿ ಅದು ಎಲ್ಲೋ ಕೆಳಗೆ ಬಿದ್ದಿದೆ. ಇದು ಮೋಸವಲ್ಲವೇ?
— ಶಹಾಬಜಾರದ ಓದುಗರೊಬ್ಬರು, ಕಲಬುರಗಿ

ಧಾರಾವಾಹಿಯ ಹೆಸರು ಬದಲಾಗುತ್ತದೆ, ದೆವ್ವ ಬದಲಾಗುತ್ತದೆ, ಈ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಹದಿನೆಂಟು ವರ್ಷ ಇದೇ ಊರಿನ ಮಾಳಿಗೆಗಳ ಮೇಲೆ ಕೇಬಲ್ ಎಳೆದವನು ನಾನು. ಅಂದು ಏಣಿಯ ಮೇಲಿಂದ ಕೊಟ್ಟ ಉತ್ತರವನ್ನೇ ಇಂದು ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಮೋಸವಲ್ಲ. ನಿಮ್ಮ ಓಣಿಯನ್ನು ಯಾರೂ ಎಣಿಸಲೇ ಇಲ್ಲ, ಅಷ್ಟೇ.

ಟಿವಿಯ ಕೆಳಗಿರುವ ಸೆಟ್‌ಟಾಪ್ ಬಾಕ್ಸು ನೀವು ನೋಡಿದ್ದನ್ನೆಲ್ಲ ಬರೆದಿಟ್ಟುಕೊಂಡು ಮುಂಬೈಗೆ ಕಳುಹಿಸುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಫರಸಿ ಕಲ್ಲಿನಂತೆ ಗಟ್ಟಿಯಾಗಿ ಕೂತಿದೆ. ಅದರ ಕೆಂಪು ದೀಪ ಮಿನುಗಿದರೆ ‘ಲೆಕ್ಕ ಹೋಯಿತು’ ಎನ್ನುವವರನ್ನು ಕಂಡಿದ್ದೇನೆ. ನಮ್ಮ ಹಿಂದಿನ ಮನೆಯ ಕಾಕು ಶರಣಬಸವೇಶ್ವರ ಗುಡಿಗೆ ಹೋಗುವಾಗಲೂ ಟಿವಿ ಹಾಕಿಯೇ ಹೋಗುತ್ತಿದ್ದರು, ತಮ್ಮ ಮೆಚ್ಚಿನ ನಾಯಕಿಗೆ ಅಂಕ ಕಡಿಮೆಯಾಗಬಾರದೆಂದು. ಆ ಹೊತ್ತಿನಲ್ಲಿ ಟಿವಿಯ ಲೆಕ್ಕ ಬರೆದುಕೊಳ್ಳುತ್ತಿದ್ದದ್ದು ಜೆಸ್ಕಾಂನ ಕರೆಂಟ್ ಮೀಟರ್ ಒಂದೇ.

ಸಾಮಾನ್ಯ ಕೇಬಲ್ ಅಥವಾ ಡಿಶ್‌ನ ಬಾಕ್ಸಿಗೆ ಸಂಕೇತ ಒಂದೇ ದಿಕ್ಕಿನಲ್ಲಿ ಬರುತ್ತದೆ. ಮೇಲಿನ ಟ್ಯಾಂಕಿನಿಂದ ನಲ್ಲಿಗೆ ನೀರು ಬಂದಂತೆ. ನೀವು ಎಷ್ಟು ಕೊಡ ತುಂಬಿದಿರಿ ಎಂದು ನಲ್ಲಿ ಟ್ಯಾಂಕಿಗೆ ಹೇಳುವುದಿಲ್ಲ. ಇಂಟರ್ನೆಟ್ ಜೋಡಿಸಿದ ಬಾಕ್ಸುಗಳಿಗೆ ವಾಪಸು ಮಾತನಾಡುವ ದಾರಿ ಇರುತ್ತದೆ, ಒಪ್ಪುತ್ತೇನೆ. ಆದರೆ ಗುರುವಾರ ಬರುವ ಟಿಆರ್‌ಪಿ ಪಟ್ಟಿ ಅವುಗಳಿಂದ ಹುಟ್ಟಿದ್ದಲ್ಲ.

ಅದು ಬರುವುದು ಬಾರ್ಕ್ ಎಂಬ ಸಂಸ್ಥೆಯಿಂದ. 2015ರಿಂದ ದೇಶದ ಟಿವಿ ಲೆಕ್ಕ ಅದರದೇ. ಕೆಲವು ವರ್ಷಗಳ ಹಿಂದಿನ ಅಂದಾಜಿನಂತೆ ದೇಶದಲ್ಲಿ ಟಿವಿ ಇದ್ದ ಮನೆಗಳು ಸುಮಾರು 21 ಕೋಟಿ. ಬಾರ್ಕ್ ತನ್ನ ಮೀಟರ್ ಕೂರಿಸಿದ್ದು 55 ಸಾವಿರದ ಆಸುಪಾಸು ಮನೆಗಳಲ್ಲಿ. ಹೆಚ್ಚುಕಡಿಮೆ 3,800 ಮನೆಗಳಿಗೆ ಒಂದು! ಪ್ರತಿ ವಾಹಿನಿಯ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳಿಸದ ಒಂದು ಗುರುತನ್ನು ಬೆರೆಸಿರುತ್ತಾರೆ. ಮೀಟರ್ ಆ ಗುರುತನ್ನು ಹಿಡಿಯುತ್ತದೆ. ಟಿವಿ ಮುಂದೆ ಕೂತವರು ತಮ್ಮ ತಮ್ಮ ಗುಂಡಿ ಒತ್ತಬೇಕು: ಅಪ್ಪನಿಗೆ ಒಂದು, ಅಜ್ಜಿಗೆ ಒಂದು. ಆ ಮನೆಗಳು ಯಾವುವು ಎಂಬುದು ಗುಟ್ಟು.

ಇಷ್ಟು ಹೇಳಿದ ಮೇಲೂ ತಲೆಯಾಡಿಸಿ, ‘ಆದರೂ ಬಾಕ್ಸಿನಲ್ಲಿ ಏನೋ ಇದೆ’ ಎನ್ನುವವರಿಗೆ ಒಂದು ಮಾತು. 2020ರ ಅಕ್ಟೋಬರಿನಲ್ಲಿ ಮುಂಬೈ ಪೊಲೀಸರು ಟಿಆರ್‌ಪಿ ಪ್ರಕರಣ ದಾಖಲಿಸಿದಾಗ ಮಾಡಿದ ಆರೋಪ ನೆನಪಿದೆಯೇ? ಮೀಟರ್ ಇರುವ ಕೆಲವು ಮನೆಗಳವರಿಗೆ ಹಣ ಕೊಟ್ಟು ನಿರ್ದಿಷ್ಟ ವಾಹಿನಿಗಳನ್ನು ಹಾಕಿಸಿಡುತ್ತಿದ್ದರು ಎಂದು. ಆ ಗದ್ದಲದಲ್ಲಿ ಸುದ್ದಿ ವಾಹಿನಿಗಳ ಅಂಕ ಪ್ರಕಟಣೆ ನಿಂತಿತು, ಮತ್ತೆ ಶುರುವಾದದ್ದು 2022ರ ಮಾರ್ಚಿನಲ್ಲಿ. ಎಲ್ಲರ ಬಾಕ್ಸೂ ಲೆಕ್ಕಕ್ಕೆ ಸೇರುವುದಾಗಿದ್ದರೆ ಬೆರಳೆಣಿಕೆಯ ಮನೆಗಳಿಗೆ ಹಣ ಕೊಟ್ಟು ಯಾರಿಗೆ ಏನು ಲಾಭವಾಗುತ್ತಿತ್ತು?

‘ಇಷ್ಟು ಕಡಿಮೆ ಮನೆಗಳಿಂದ ಇಡೀ ದೇಶದ ಲೆಕ್ಕವೇ?’ ಎಂದು ಕೇಳುವ ಮುನ್ನ ನಮ್ಮೂರ ಧಾನ್ಯ ಮಾರುಕಟ್ಟೆ ನೆಹರೂ ಗಂಜ್‌ಗೆ ಹೋಗಿ ನಿಂತುಕೊಳ್ಳಿ. ದಲ್ಲಾಳಿ ತೊಗರಿಯ ರಾಶಿಯನ್ನೆಲ್ಲ ಸುರಿಸಿ ನೋಡುವುದಿಲ್ಲ. ಚೀಲಕ್ಕೆ ಚೂಪು ಕೊಳವೆ ಚುಚ್ಚಿ, ಅಂಗೈಗೆ ಬಿದ್ದ ಹಿಡಿ ಕಾಳು ನೋಡಿ ದರ ಕೂಗುತ್ತಾನೆ. ಯಾವ ಚೀಲಕ್ಕೆ ಚುಚ್ಚಿದ ಎಂಬುದರ ಮೇಲೆ ಜಗಳವಾಗಬಹುದು. ಚುಚ್ಚುವ ಪದ್ಧತಿಯೇ ಮೋಸ ಎಂದು ಯಾವ ರೈತನೂ ಹೇಳಲಿಕ್ಕಿಲ್ಲ.

ಇನ್ನು ಆ ಮೊದಲ ಕಂತು ಏಕೆ ಬಿತ್ತು? ಅಂಕ ಎಂದರೆ ತಲೆಗಳ ಎಣಿಕೆ ಮಾತ್ರವಲ್ಲ, ಎಷ್ಟು ನಿಮಿಷ ಕೂತರು ಎಂಬುದೂ ಸೇರಿದ ಸರಾಸರಿ. ದೆವ್ವದ ಮುಖ ಕಂಡೊಡನೆ ಮಕ್ಕಳು ಅಳುತ್ತವೆ ಎಂದು ವಾಹಿನಿ ಬದಲಿಸಿದ ಮನೆಯಿಂದ ಸಿಗುವುದು ಚೂರೇ ಚೂರು. ಮರುದಿನ ಮೊಬೈಲಿನಲ್ಲಿ ನೋಡಿದವರು ಆ ಪಟ್ಟಿಗೆ ಸೇರುವುದೇ ಇಲ್ಲ.

ಮೊದಲ ಕಂತಿಗೆ ಸುರಿಯುವ ಶ್ರಮ ನೋಡಿದರೆ ಮಾತ್ರ ಪಾಪ ಎನಿಸುತ್ತದೆ. ನಿತ್ಯದ ಧಾರಾವಾಹಿಗೆ ದಿನಕ್ಕೊಂದು ಕಂತಿನಷ್ಟು ಚಿತ್ರೀಕರಣ ಮುಗಿಯಲೇಬೇಕು. ಆರಂಭದ ಕಂತಿಗೆ ಹಲವು ದಿನ ಕೊಡುತ್ತಾರೆ. ನೆಲಕ್ಕೆ ನೀರು ಚೆಲ್ಲಿ ಬೆಳಕು ಹೊಳೆಯುವಂತೆ ಮಾಡುತ್ತಾರೆ, ಹೊಗೆ ಬಿಡುತ್ತಾರೆ, ನಟಿಯನ್ನು ತಂತಿಯಲ್ಲಿ ತೂಗುಹಾಕಿ ಆಮೇಲೆ ಕಂಪ್ಯೂಟರಿನಲ್ಲಿ ತಂತಿ ಅಳಿಸುತ್ತಾರೆ. ನಮ್ಮನ್ನು ನಿಜವಾಗಿ ಹೆದರಿಸುವುದು ಸದ್ದು. ಅದನ್ನು ಕೂಡಿಸುವುದು ಸ್ಟುಡಿಯೋದಲ್ಲಿ. ನಂಬಿಕೆ ಬಾರದಿದ್ದರೆ ಧ್ವನಿ ತೆಗೆದು ನೋಡಿ, ನಗು ಬರುತ್ತದೆ. ಮೂರನೇ ವಾರಕ್ಕೆ ಹೊಗೆಯೂ ಹಣವೂ ಕರಗಿ ಅತ್ತೆ ಸೊಸೆಯರ ಜಗಳ ಉಳಿಯುತ್ತದೆ.

ಮೊದಲ ರಾತ್ರಿಯ ಅಂಕವೇ ಹಣೆಬರಹವೂ ಅಲ್ಲ. ಅಮೆರಿಕದ ‘ಸೂಪರ್‌ನ್ಯಾಚುರಲ್’ ಸರಣಿ 2005ರ ಸೆಪ್ಟೆಂಬರ್ 13ರಂದು ಶುರುವಾದಾಗ ನೋಡಿದವರು ಸುಮಾರು 57 ಲಕ್ಷ. ಆ ದೇಶಕ್ಕೆ ಅದೇನೂ ದೊಡ್ಡ ಸಂಖ್ಯೆಯಲ್ಲ. ಅದು 15 ಸೀಸನ್ ನಡೆದು, 327 ಕಂತು ಕಂಡು, 2020ರಲ್ಲಿ ಮುಗಿಯಿತು. ಆ 57 ಲಕ್ಷವನ್ನೂ ತಲೆ ಎಣಿಸಿ ಬರೆದದ್ದಲ್ಲ, ಆಯ್ದ ಮನೆಗಳಿಂದ ಅಳೆದದ್ದೇ.

ಯಾರೂ ಕೇಳದಿದ್ದರೂ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಈ ದೆವ್ವಗಳು ನಮ್ಮ ಕಡೆ ಏಕೆ ಬರುವುದಿಲ್ಲ? ಬೀದರಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಸಂಜೆ ಅಲ್ಲಿ ಒಬ್ಬರೇ ನಡೆದವರಿಗೆ ಹೊಗೆಯ ಯಂತ್ರ ಬೇಕಾಗುವುದಿಲ್ಲ. ಆದರೆ ಅವು ಸಂರಕ್ಷಿತ ಸ್ಮಾರಕಗಳು, ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಬೆಂಗಳೂರಿನಿಂದ ಬೀದರಿಗೆ ಸುಮಾರು 700 ಕಿಲೋಮೀಟರ್. ದಿನಕ್ಕೊಂದು ಕಂತು ಒಪ್ಪಿಸಬೇಕಾದವರು ಅಷ್ಟು ದೂರ ಬರುವುದುಂಟೇ? ಹಾಗಾಗಿ ದೆವ್ವ ಬೆಂಗಳೂರಿನ ಹೊರವಲಯದ ಬಾಡಿಗೆ ಬಂಗಲೆಯಲ್ಲೇ ಉಳಿದು ಅಲ್ಲಿಯ ಕನ್ನಡವನ್ನೇ ಆಡುತ್ತದೆ. ಮಾತಿಗೊಮ್ಮೆ ‘ರೀ’ ಹಚ್ಚುವ ದೆವ್ವವನ್ನು ನಾನಿನ್ನೂ ಕಂಡಿಲ್ಲ.

ಮೊನ್ನೆ ಒಂದು ಆರಂಭದ ಕಂತಿನಲ್ಲಿ ನಮ್ಮ ಭಾಷೆ ಕೇಳಿಸಿತೆಂದು ಊಟ ಬಿಟ್ಟು ಓಡಿ ಬಂದು ಕೂತೆ. ಮಾತನಾಡುತ್ತಿದ್ದವನು ಬಂಗಲೆಯ ಅಡುಗೆಯವನು. ಮೊದಲ ಜಾಹೀರಾತು ಬರುವ ಹೊತ್ತಿಗೆ ದೆವ್ವ ಅವನನ್ನು ಮುಗಿಸಿತ್ತು.